ಹತ್ತನೇ ಏಟು

ಬೆಳಿಗ್ಗೆ ಮರಿಮಗಳ ಸ್ಕೂಲಿನ ಗಂಟೆ ಕೇಳಿ ಕಡೂರು ನೆನಪಾಯ್ತು. ಅಮಲ್ದಾರರ ಕಚೇರಿ ಮುಂದಿನ ಕಂಚಿನ ಜಾಗಟೆ ಬಡಿದರೇನೇ ಆ ಪುಟ್ಟ ಪೇಟೆಗೆಲ್ಲ ಹೊತ್ತು ಗೊತ್ತಾಗೋದು.

ಅವತ್ತು ತಾತನೂ ನಾನೂ ಯಗಟಿಯಿಂದ ಗಾಡಿಯಲ್ಲಿ ಬರೋದು ತಡವಾಗಿತ್ತು. ಅಮಲ್ದಾರರ ಮುಂದೆ ಹೊಲದ ತಕರಾರಿನ ವಿಚಾರಣೆ; ಹತ್ತು ಬಡಿಯೋದ್ರೊಳಗೆ ತಾತ ಒಳಗಿರದಿದ್ದರೆ ನಮ್ಮ ಹೊಲ ದಾಯಾದಿಗಳ ಪಾಲು. ನಾವು ಗೇಟಿಗೆ ಬಂದಾಗ ಜವಾನ ಒಂಬತ್ತು ಏಟು ಹೊಡೆದಾಗಿತ್ತು. ತಾತ ಓಡಿ ಬರೋದು ಕಂಡವನೇ, ಎತ್ತಿದ ಕೊಡತಿಯನ್ನ ಹಾಗೇ ಹಿಡಿದು ನಿಂತುಬಿಟ್ಟ.

"ಬೇಗ ಬನ್ನಿ ಗೌಡ್ರೇ, ಕೈ ನೋಯ್ತದೆ!"

ಇಡೀ ಕಡೂರಿನ ಹೊತ್ತು ಅವನ ಕೈಯಲ್ಲಿ ನಿಂತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ತಾತ ಹೊಸ್ತಿಲು ದಾಟಿದ ಮೇಲೇ ಢಣ್ ಅಂತು.

ನನಗೀಗ ತೊಂಬತ್ತು ದಾಟಿದೆ. ನನಗೋಸ್ಕರವೂ ಯಾರೋ ಕೊಡತಿ ಎತ್ತಿ ಹಿಡಿದು ನಿಂತಿದ್ದಾರೆ. ಪಾಪ, ಕೈ ನೋಯ್ತಿರಬೇಕು.