ಒಂದೇ ಕಾಲುಚೀಲದ ಎರ್ಚಿ

ಎರ್ಚಿ ಮೊವಾಟ್‌ನ ಎಡಗಾಲು ಹೋದದ್ದು ಏಡಿ ಬೋನಿನ ಹಗ್ಗಕ್ಕೆ ಸಿಕ್ಕಿ. ಬೋನುಗಳನ್ನು ಕಡಲಿಗೆ ಇಳಿಸುವಾಗ ಹಗ್ಗದ ಸುರುಳಿಯೊಳಗೆ ಕಾಲಿಟ್ಟ, ಹಗ್ಗ ಬಿಗಿದುಕೊಂಡಿತು, ಅಷ್ಟೇ. ಸ್ಕಾಟ್ಲೆಂಡಿನ ಉತ್ತರ ತೀರದ ನಮ್ಮ ಪೋರ್ಟ್‌ಗಾರ್ಟಿನಲ್ಲಿ ಇಂಥದ್ದನ್ನು ಕೇಳದೆ ಬೆಳೆದವರಿಲ್ಲ. ಆದರೂ ಅವನು ಮೊಣಕಾಲಿನ ಕೆಳಗೆ ಉಕ್ಕಿನ ಕೋಲು ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಬಂದ ಮೇಲೆ, ಊರಿಗೆ ಊರೇ ಅವನೆದುರು ದನಿ ತಗ್ಗಿಸಿ ಮಾತಾಡತೊಡಗಿತು. ಕಾಲು ಹೋದದ್ದನ್ನಾದರೂ ಅವನು ಸಹಿಸಿಕೊಂಡ, ಇದನ್ನು ಮಾತ್ರ ಸಹಿಸಲಿಲ್ಲ.

ಐವತ್ತೆರಡರ ಆಳು. ಹದಿನಾರರಿಂದ ದೋಣಿ ಬಿಟ್ಟು ಬೇರೆ ಕೆಲಸ ಕಂಡವನಲ್ಲ. ಈಗ ಬಂದರಿನ ಶೆಡ್ಡಿನಲ್ಲಿ ಕುಳಿತು ಬೇರೆಯವರ ಬೋನುಗಳಿಗೆ ಬಲೆ ಹೆಣೆಯುತ್ತಿದ್ದ. ಕೆಲಸಕ್ಕೆ ಕರೆದುಕೊಳ್ಳಿ ಎಂದು ಎರಡು ವರ್ಷ ಒಂದೊಂದೇ ದೋಣಿಯ ಮುಂದೆ ಹೋಗಿ ಕೇಳಿದ. "ನೋಡೋಣ, ಎರ್ಚಿ" ಎಂದರು ಎಲ್ಲರೂ. ಆಮೇಲೆ ಯಾರೂ ನೋಡಲಿಲ್ಲ.

ನವೆಂಬರ್ ಕೊನೆಗೆ ಸೇಂಟ್ ಆಂಡ್ರ್ಯೂ ಹಬ್ಬದ ಸಂಜೆ ಬಂದರು ಸಂಘದ ಔತಣ. ಅವತ್ತು ನಮ್ಮ ಗಂಡಸರು ಕಿಲ್ಟ್, ಅಂದರೆ ಮೊಣಕಾಲಿನವರೆಗಿನ ನೆರಿಗೆಯ ಲಂಗ, ಉಡದೆ ಬರುವುದಿಲ್ಲ. ವಾರಕ್ಕೆ ಮೊದಲೇ ಸಂಘದ ಅಧ್ಯಕ್ಷ ಫೋರ್ಸೈತ್ ಬಜ್ ಶೆಡ್ಡಿಗೆ ಬಂದ. ಎರ್ಚಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

"ಈ ಸಲ ಪ್ಯಾಂಟ್ ಹಾಕ್ಕೊಂಡು ಬಾರೋ."

"ಯಾಕೆ?"

"ಊಟದ ಹೊತ್ತು, ಹೆಂಗಸರೆಲ್ಲ ಇರ್ತಾರೆ... ನನಗೇನಿಲ್ಲ ಕಣೋ. ನೋಡಿದವರು ಬೇಜಾರು ಮಾಡ್ಕೋತಾರೆ."

"ಮಾಡ್ಕೊಳ್ಲಿ. ನಾನು ಎರಡು ವರ್ಷ ಮಾಡ್ಕೊಂಡಿಲ್ವಾ? ಅವರು ಒಂದು ಸಂಜೆ ಮಾಡ್ಕೊಳ್ಲಿ."

"ಹೇಗೂ ಕುಣಿಯೋಕಂತೂ ಆಗಲ್ಲ ನಿನಗೆ."

"ಅದನ್ನ ನೀನು ಹೇಳ್ತೀಯಾ? ಎರಡು ಕಾಲಿದ್ದೂ ನಿನಗೆ ಯಾವತ್ತು ಕುಣಿಯೋಕೆ ಬಂತು?"

ಬಜ್ ಟೋಪಿ ಹಾಕಿಕೊಂಡು ಹೊರಟುಹೋದ.

ಹೆಂಡತಿ ಜೆಸ್ಸಿನಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅವಳಿಗೂ ಪ್ಯಾಂಟೇ ವಾಸಿ ಅನ್ನಿಸಿತ್ತು. ಔತಣದ ಸಂಜೆ ಅದನ್ನು ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ದಳು. ಎರ್ಚಿ ಮೆಟ್ಟಿಲಿಳಿದು ಬಂದಾಗ ಮೈಮೇಲಿದ್ದದ್ದು ಮದುವೆಗೆಂದು ಹೊಲಿಸಿದ್ದ ಹಸಿರು-ನೀಲಿ ಚೌಕುಳಿಯ ಕಿಲ್ಟ್. ಹಿಂದಿನ ನೆರಿಗೆ ಒಂದೂ ಮುರಿದಿರಲಿಲ್ಲ. ಬಲಗಾಲಿಗೆ ಬಿಳಿ ಉಣ್ಣೆಯ ಉದ್ದ ಕಾಲುಚೀಲ. ಎಡಗಡೆ ಬರೀ ಉಕ್ಕು, ಅದರ ತುದಿಗೆ ಪಾಲಿಶ್ ಹಾಕಿದ ಬೂಟು.

"ಜನ ನೋಡ್ತಾರೆ, ಎರ್ಚಿ."

"ನೋಡ್ಲಿ. ಕಣ್ಣಿರೋದೇ ಅದಕ್ಕೆ."

ಉಕ್ಕಿನ ಮೇಲೆ ತೊಡಲು ಆಸ್ಪತ್ರೆಯವರು ಕೊಟ್ಟಿದ್ದ, ಕಾಲಿನ ಆಕಾರದ ಮೈಬಣ್ಣದ ಸ್ಪಂಜಿನ ಕವಚವನ್ನು ಅವಳು ಕೈಯಲ್ಲೇ ಹಿಡಿದಿದ್ದಳು. "ಇದನ್ನಾದ್ರೂ ಹಾಕ್ಕೋ ಮಾರಾಯ."

"ಅದು ಯಾರ ಕಾಲೋ ಏನೋ. ನನ್ನದಲ್ಲ."

"ಹೋಗ್ಲಿ, ಇನ್ನೊಂದು ಕಾಲುಚೀಲ?"

"ಉಕ್ಕಿಗೇನು ಚಳೀನಾ?"

ಮನೆಯಲ್ಲಿ ನಡೆದ ಇದನ್ನೆಲ್ಲ ಜೆಸ್ಸಿನಾ ಆಮೇಲೆ ನನಗೆ ಹೇಳಿದಳು. ಔತಣವಿದ್ದ ಹೋಟೆಲಿನಲ್ಲಿ ನಡೆದದ್ದನ್ನು ನಾನೇ ಕಂಡೆ. ಊಟದ ನಂತರದ ಕುಣಿತಕ್ಕೆ ಅಕಾರ್ಡಿಯನ್ ನುಡಿಸುವವಳು ನಾನು, ವೇದಿಕೆಯ ಮೇಲಿದ್ದೆ.

ಒಳಗೆ ಬಂದವನನ್ನು ಬಜ್ ಮೂಲೆಯ ಮೇಜಿಗೆ ಕರೆದೊಯ್ದ. ಅದರ ಮೇಲೆ ನೆಲದವರೆಗೂ ಇಳಿಬಿದ್ದ ಬಟ್ಟೆ. ಉಳಿದ ಯಾವ ಮೇಜಿಗೂ ಅಷ್ಟುದ್ದದ ಬಟ್ಟೆ ಇರಲಿಲ್ಲ. ಎರ್ಚಿ ಅದನ್ನು ನೋಡಿದ, ಕುರ್ಚಿ ಎಳೆದುಕೊಂಡು ಮೇಜಿನಿಂದ ಒಂದು ಗಜ ಆಚೆ ಕೂತ. ಉಕ್ಕಿನ ಕಾಲನ್ನು ಓಡಾಡುವ ದಾರಿಗೆ ಅಡ್ಡ ಚಾಚಿದ. ಕುರಿಮಾಂಸದ ಹಬ್ಬದಡುಗೆ ಹ್ಯಾಗಿಸ್‌ನ ತಟ್ಟೆ ಹೊತ್ತು ಬಂದವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕಾಯಿತು.

ಎಲ್ಲರೂ ಅತ್ತ ನೋಡದವರಂತೆ ನಟಿಸುತ್ತಿದ್ದರು. ಎಂಬತ್ತೆಂಟರ ಮುದುಕಿ ಐಸ್‌ಬಿಸ್ಟರ್ ಅಮ್ಮ ಒಬ್ಬಳೇ ಎದ್ದು ಬಂದಳು.

"ಮುಟ್ಲೇನೋ?"

"ಮುಟ್ಟಿ ಅಮ್ಮಾ, ಕಚ್ಚಲ್ಲ."

ಮುದುಕಿ ಚಮಚದಿಂದ ಬಡಿದಳು. ಠಣ್ ಎಂದಿತು. "ನನ್ನ ಸೊಂಟಕ್ಕಿಂತ ಗಟ್ಟಿಯಾಗಿದೆ!" ಎಂದಳು. ಆಗ ಸಭೆಯಲ್ಲಿ ಮೊದಲ ನಗು ಎದ್ದಿತು.

ಊಟವಾಯಿತು. ಮೇಜುಗಳನ್ನು ಗೋಡೆಗೆ ಸರಿಸಿದರು. ಎರಡು ಸಾಲು ಎದುರುಬದುರು ನಿಂತು, ಜೋಡಿಯೊಂದು ಕೈಯಿಂದ ಕೈಗೆ ಗಿರಗಿರ ತಿರುಗುತ್ತ ಸಾಲಿನ ತುದಿ ಮುಟ್ಟುವ ಕುಣಿತ. ಗಟ್ಟಿಮುಟ್ಟಾದವರೂ ಅದರಲ್ಲಿ ಹೆಜ್ಜೆ ತಪ್ಪುತ್ತಾರೆ. ಎರ್ಚಿ ಎದ್ದು ಹೆಂಡತಿಯ ಮುಂದೆ ಕೈ ಚಾಚಿದ. ಅವಳು ಒಂದು ಗಳಿಗೆ ಆ ಕೈಯನ್ನೇ ನೋಡಿ, ಹಿಡಿದುಕೊಂಡಳು.

ಅರ್ಧ ಸಾಲು ಚೆನ್ನಾಗಿಯೇ ದಾಟಿದರು. ಆಮೇಲೆ ಮೇಣ ಉಜ್ಜಿದ ಹಲಗೆಯ ಮೇಲೆ ಎಡಬೂಟು ಜಾರಿತು. ಎರ್ಚಿ ಧೊಪ್ಪನೆ ಅಂಗಾತ ಬಿದ್ದ. ಕಿಲ್ಟ್ ಎದೆಗೆ ಹಾರಿತು. ಒಳಗೆ ಏನು ತೊಡುತ್ತಾನೆ ಎಂಬ ಸಂಶಯ ಊರಿನಲ್ಲಿ ಯಾರಿಗೂ ಉಳಿಯಲಿಲ್ಲ. ಏನೂ ತೊಟ್ಟಿರಲಿಲ್ಲ.

ನನ್ನ ಬೆರಳು ನಿಂತುಹೋಯಿತು. ಬಜ್ ಕುರ್ಚಿ ಎತ್ತಿಕೊಂಡು ಓಡಿಬಂದ. ನಾಲ್ಕೈದು ಗಂಡಸರು ಬಗ್ಗಿದರು.

"ಬಿಡ್ರಿ!" ಜೆಸ್ಸಿನಾಳ ದನಿ ಕೇಳಿ ನಾನೇ ಬೆಚ್ಚಿದೆ. "ಮುಟ್ಟಬೇಡಿ. ದಿನಾ ಅವನೇ ಏಳ್ತಾನೆ, ಇವತ್ತೂ ಏಳ್ತಾನೆ."

ಎರ್ಚಿ ಮಗ್ಗುಲಾದ, ಕಿಲ್ಟ್ ಸರಿಮಾಡಿಕೊಂಡ. ಪಕ್ಕಕ್ಕೆ ತಿರುಗಿದ್ದ ಉಕ್ಕಿನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ತಿರುಚಿದ. ಆ ಕಟಕ್ ಸದ್ದು ವೇದಿಕೆಯವರೆಗೂ ಕೇಳಿಸಿತು. ಎದ್ದು ನಿಂತು ಬಜ್‌ನ ಕುರ್ಚಿ ನೋಡಿದ.

"ಇದು ಯಾರಿಗೆ? ಸುಸ್ತಾಗಿದ್ರೆ ನೀನೇ ಕೂತ್ಕೋ." ಆಮೇಲೆ ನನ್ನ ಕಡೆ ತಿರುಗಿದ. "ಬಿದ್ದಿದ್ದು ನಾನು. ನೀನ್ಯಾಕಮ್ಮ ನಿಲ್ಸಿದೆ?"

ನಾನು ನುಡಿಸಿದೆ, ಮೊದಲಿಗಿಂತ ಜೋರಾಗಿ. ಗಂಡಹೆಂಡಿರು ಸಾಲಿನ ತುದಿಯವರೆಗೂ ಹೋದರು.

ಅದರ ಬೆಲೆ ಸಣ್ಣದಲ್ಲ. ಮೊಂಡುಗಾಲಿನ ಚರ್ಮ ಸುಲಿದು, ಮೂರು ವಾರ ಎರ್ಚಿ ಊರುಗೋಲಿನ ಮೇಲಿದ್ದ. "ನಾನು ಹೇಳಿರಲಿಲ್ವಾ?" ಎಂದು ಬಜ್ ಮನೆಗೇ ಬಂದು ಕೇಳಿದ. "ಹೇಳಿದ್ದೆ. ಮುಂದಿನ ವರ್ಷಾನೂ ಹೇಳು, ಆಗಲೂ ಹೀಗೇ ಬರ್ತೀನಿ" ಎಂದ ಎರ್ಚಿ. ಬಜ್‌ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಅವತ್ತು ಎದುರು ಸಾಲಿನಲ್ಲಿದ್ದವರಲ್ಲಿ ಥೋರಾ ಸ್ವಾನ್ಸನ್ ಒಬ್ಬಳು. ಸ್ವಂತ ದೋಣಿಯವಳು, ಹಿಂದೆ "ನೋಡೋಣ" ಎಂದವಳೇ. ಮಾರ್ಚಿನಲ್ಲಿ ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದಳು:

"ದೋಣಿ ಮೇಲೆ ಬಿದ್ರೆ ಏನ್ಮಾಡ್ತೀಯಾ?"

"ಏನ್ಮಾಡ್ತೀನಿ ಅಂತ ನೀನೇ ನೋಡಿದೀಯಲ್ಲ."

"ಒಂದು ವಾರ. ಸರಿಹೋಗದಿದ್ರೆ ವಾಪಸ್."

ಸೋಮವಾರ ಬೆಳಿಗ್ಗೆ ಎರ್ಚಿ ಏಣಿಯ ಮೆಟ್ಟಿಲು ಒಂದೊಂದಾಗಿ ಇಳಿದು ದೋಣಿಗೆ ಕಾಲಿಟ್ಟ. ಅದಾಗಿ ಏಳು ವರ್ಷವಾಯಿತು. ವಾಪಸ್ ಹೋಗು ಎಂದು ಥೋರಾ ಇನ್ನೂ ಹೇಳಿಲ್ಲ.