ಮಾವನ ಎದುರು ಮನಶ್ಶಾಸ್ತ್ರ

ಡೊಂಬಯ್ಯ ಮಾಸ್ಟ್ರು ಟ್ರೈನಿಂಗಿಗೆ ಹೋಗುವಾಗ ಒಳ್ಳೆಯ ಮನುಷ್ಯರೇ ಆಗಿದ್ದರು. ಐವತ್ತೆಂಟನೇ ಇಸವಿಯಲ್ಲಿ ವಾಪಸು ಬರುವಾಗ ಕಂಕುಳಲ್ಲಿ ಮನಶ್ಶಾಸ್ತ್ರದ ಪುಸ್ತಕ ಇತ್ತು. ಅಂದಿನಿಂದ ನನ್ನ ತಲೆಬಿಸಿ ಶುರುವಾಯಿತು. ನೆರಿಯದ ಹತ್ತಿರದ ಆ ಶಾಲೆಯಲ್ಲಿ ಇದ್ದದ್ದು ನಾವಿಬ್ಬರೇ ಟೀಚರುಗಳು. ಅವರು ಓದಿದ್ದನ್ನೆಲ್ಲ ನಾನೇ ಕೇಳಬೇಕಿತ್ತು.

ಮನಸ್ಸಿನ ಬಗ್ಗೆ ಒಂದೇ ಪಂಥ ಇದ್ದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆ ಪುಸ್ತಕದಲ್ಲಿ ಅಧ್ಯಾಯಕ್ಕೊಂದು ಪಂಥ, ಒಂದಕ್ಕೊಂದು ಆಗಿಬರುವುದಿಲ್ಲ. ನಮ್ಮ ಮಾಸ್ಟ್ರು ಆ ವಾರ ಯಾವ ಅಧ್ಯಾಯದಲ್ಲಿದ್ದಾರೋ ಆ ವಾರ ಆ ಪಂಥದವರು.

ಇದೆಲ್ಲ ಬಂದು ಬಿದ್ದದ್ದು ಐದನೇ ಕ್ಲಾಸಿನ ಲೋಲಾಕ್ಷಿಯ ಮೇಲೆ. ಲೆಕ್ಕದಲ್ಲಿ ಚುರುಕು, ಅಕ್ಷರ ಮುತ್ತು. ಆದರೆ ದೀಪಾವಳಿ ರಜೆ ಮುಗಿಸಿ ಬಂದವಳು ಬಾಯಿಯೇ ಬಿಡಲಿಲ್ಲ. ಹಾಜರಿ ಕೂಗಿದರೂ ಬರೀ ಕೈ ಎತ್ತುವುದು. ಮನೆಯಲ್ಲಿ ಆಗಲೇ ಮಾತು ಎದ್ದಿತ್ತು: ಬಾಯಿ ಬಿಡದ ಹುಡುಗಿಗೆ ಶಾಲೆ ಯಾಕೆ, ಬೀಡಿ ಕಟ್ಟಲಿಕ್ಕೆ ಕೂರಲಿ.

ಮಾಸ್ಟ್ರು ಮೊದಲು ವರ್ತನಾವಾದ ಹಿಡಿದರು. ನಾಯಿಗೆ ಗಂಟೆ ಬಾರಿಸಿ ಅನ್ನ ಹಾಕಿದ ಹಾಗೆ, ಗಂಟೆ ಬಾರಿಸಿ ಬೆಲ್ಲ ತೋರಿಸುವುದು. ಗಂಟೆ ಕೇಳಿದ್ದೇ ಇಡೀ ಶಾಲೆ ಚೀಲ ಹೆಗಲಿಗೇರಿಸಿ ಮನೆಗೆ ಓಡಿತು. ಆಮೇಲೆ, ಮನಸ್ಸಿನೊಳಗೆ ಏನೇನು ಕಾಣುತ್ತದೆ ಎಂದು ನೋಡಿ ಬರೆಯಲು ಹೇಳಿದರು. ಅವಳು "ಏನಿಲ್ಲ" ಎಂದು ದುಂಡಗೆ ಬರೆದುಕೊಟ್ಟಳು.

ಕೊನೆಗೆ ಸುಪ್ತ ಮನಸ್ಸಿನ ಅಧ್ಯಾಯ ಬಂತು. "ಸಿಕ್ಕಿತು ರಾಜೀವಿ ಟೀಚರ್," ಎಂದರು. "ಮಗುವಿನ ಭಯಕ್ಕೆಲ್ಲ ಮೂಲ ತಂದೆ. ಇವಳ ತಂದೆಯನ್ನು ಕರೆಸುವ."

"ತಂದೆಯಾ? ಮಾಸ್ಟ್ರೇ, ಸ್ವಲ್ಪ ಯೋಚನೆ ಮಾಡಿ," ಎಂದೆ. ಅಷ್ಟರಲ್ಲಿ ಕಾಗದ ಹೋಗಿ ಆಗಿತ್ತು.

ನಮ್ಮದು ಅಳಿಯಸಂತಾನದ ಊರು. ಮಕ್ಕಳು ತಾಯಿಯ ಮನೆಯವರು, ಮನೆಗೆ ಯಜಮಾನ ಸೋದರಮಾವ. ಅಪ್ಪ ಬಂದು ಹೋಗುವ ನೆಂಟ. ಇದು ಗೊತ್ತಿಲ್ಲದಿರಲು ಮಾಸ್ಟ್ರೇನು ಘಟ್ಟದ ಮೇಲಿನಿಂದ ಬಂದವರಲ್ಲ. ಮಿಜಾರಿನಲ್ಲಿ ಸೋದರಮಾವನ ಮನೆಯಲ್ಲೇ, ಮಾವನ ಗದರಿಕೆ ಕೇಳಿಯೇ ಬೆಳೆದವರು. ಆದರೆ ಪುಸ್ತಕದಲ್ಲಿ ತಂದೆ ಎಂದು ಇದೆ, ಮುಗಿಯಿತು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಪ್ಪ ಕುಶಾಲಪ್ಪ ಬಂದ. ಬಿ.ಸಿ.ರೋಡಿನ ಹೋಟೆಲಲ್ಲಿ ದೋಸೆ ಹೊಯ್ಯುವ ಸಾಧು ಮನುಷ್ಯ. "ನೀವು ಮಗುವನ್ನು ಹೆದರಿಸ್ತೀರಾ?" ಎಂದು ಮಾಸ್ಟ್ರು ಕೇಳಿದ್ದಕ್ಕೆ ಅವನು ಕಣ್ಣು ಬಿಟ್ಟ. "ನಾನು ಶನಿವಾರ ಮಿಠಾಯಿ ತಗೊಂಡು ಬರ್ತೇನೆ, ಸೋಮವಾರ ಹೋಗ್ತೇನೆ ಮಾರಾಯ್ರೆ. ಅವಳನ್ನು ಹೆದರಿಸ್ಲಿಕ್ಕೆ ನಾನು ಯಾರು? ದೀಪಾವಳಿಗೆ ನೆಂಟರ ಎದುರು ಮಾವನಿಗೆ ಎದುರು ಮಾತಾಡಿದಳು. ಇನ್ನು ನಿನ್ನ ಬಾಯಿ ಕೇಳಬಾರದು ಅಂತ ಅವರು ಗದರಿಸಿದ್ದು."

ಇಷ್ಟೇ ವಿಷಯ. ಆದರೆ ಕಾಗದದ ಸುದ್ದಿ ಮಾವ ಹುಕ್ರಪ್ಪನಿಗೆ ಮುಟ್ಟಿತು. ನನ್ನ ಮನೆಯ ಮಗುವಿನ ವಿಷಯ ಭಾವನ ಹತ್ತಿರ ಕೇಳುವುದಾ ಎಂದು ಕೆರಳಿ, ಮರುದಿನವೇ ಲೋಲಾಕ್ಷಿಯನ್ನು ಶಾಲೆ ಬಿಡಿಸಿದ.

"ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ನೋಡ್ಬೇಕು ಅಂತ ಮತ್ತೊಂದು ಪಂಥ ಓದಿ ಹೇಳಿದ್ರಲ್ಲ," ಎಂದು ಮಾಸ್ಟ್ರನ್ನು ತರಾಟೆಗೆ ತೆಗೆದುಕೊಂಡೆ. "ಮನೆಯಲ್ಲಿ ಯಜಮಾನ ಯಾರು ಅಂತ ನೋಡಿದ್ರಾ? ಈಗ ನೀವೇ ಹೋಗಿ ಅವಳನ್ನು ಕರ್ಕೊಂಡು ಬನ್ನಿ."

ಭಾನುವಾರ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಮಾಸ್ಟ್ರು ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದರು. ಹುಕ್ರಪ್ಪ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಕುಳಿತಿದ್ದ. ಬಾಗಿಲ ಬಳಿ ಲೋಲಾಕ್ಷಿ, ತೊಡೆಯ ಮೇಲೆ ಬೀಡಿಯ ಗೆರಸೆ.

ಮಾಸ್ಟ್ರು ಹೆಗಲ ಶಾಲು ತೆಗೆದು ಕೈಯಲ್ಲಿ ಹಿಡಿದರು. ಮೆಟ್ಟಿಲ ಕೆಳಗೇ ನಿಂತರು. ನಾನು ಮೊಣಕೈಯಿಂದ ತಿವಿದೆ. ಊಹೂಂ. ನಲವತ್ತು ವರ್ಷದ ಗಂಡಸು, ಕುತ್ತಿಗೆ ಬಗ್ಗಿಸಿ ನೆಲ ನೋಡುತ್ತಿದ್ದಾರೆ! ನನಗೆ ಅಳು ಬರುವುದೊಂದು ಬಾಕಿ. ಈ ಮನುಷ್ಯನಿಂದ ಒಂದು ಮಗುವಿನ ಓದು ಹೋಯಿತಲ್ಲ!

"ಏನು ಮಾಸ್ಟ್ರೇ, ಮಾತಾಡ್ಲಿಕ್ಕೆ ಬಂದದ್ದಾ, ನಿಲ್ಲಲಿಕ್ಕೆ ಬಂದದ್ದಾ?" ಎಂದು ಹುಕ್ರಪ್ಪ ಗುಡುಗಿದ. ಮಾಸ್ಟ್ರು ಶಾಲನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಲೋಲಾಕ್ಷಿ ಗೆರಸೆ ಕೆಳಗಿಟ್ಟು ಎದ್ದಳು. ಮಾಸ್ಟ್ರನ್ನೇ ನೋಡಿದಳು.

"ಮಾವ, ಜೋರು ಮಾಡ್ಬೇಡಿ," ಎಂದಳು. ಒಂದು ತಿಂಗಳಿನಿಂದ ಕೇಳದ ಸ್ವರ, ಸ್ವಲ್ಪ ಒಡೆದಿತ್ತು. "ಅವರಿಗೆ ಹೆದರಿಕೆ ಆಗ್ತಾ ಉಂಟು."

ಹುಕ್ರಪ್ಪನ ಕೈಯ ಎಲೆ ಕೈಯಲ್ಲೇ ಉಳಿಯಿತು. ಅವನು ಅವಳನ್ನು ನೋಡಿದ, ಮಾಸ್ಟ್ರನ್ನು ನೋಡಿದ. ಎಲೆಯನ್ನು ತಟ್ಟೆಗೆ ಹಾಕಿ, "ಮೇಲೆ ಬಂದು ಕೂತ್ಕೊಳ್ಳಿ," ಎಂದ. ನೀರು ಬೆಲ್ಲ ತರಲು ಅವಳಿಗೇ ಹೇಳಿದ. ನಾವು ಹೊರಡುವಾಗ, "ನಾಳೆ ಬರ್ತಾಳೆ," ಎಂದು ಗೋಡೆ ನೋಡಿಕೊಂಡು ಹೇಳಿದ.

ತಿರುಗಿ ಬರುವಾಗ ತೋಡು ದಾಟುವವರೆಗೂ ನಾನು ಬಯ್ದೆ. ಅಷ್ಟು ಓದಿ, ಅಷ್ಟು ಬಾಯಿಪಾಠ ಮಾಡಿ, ಕೊನೆಗೆ ಕಲ್ಲಿನ ಹಾಗೆ ನಿಂತದ್ದು ಯಾಕೆ ಎಂದು ಕೇಳಿದೆ.

ಮಾಸ್ಟ್ರು ಶಾಲನ್ನು ಇನ್ನೂ ಹೆಗಲಿಗೆ ಹಾಕಿರಲಿಲ್ಲ.

"ನನ್ನ ಮಾವ ತೀರಿಹೋಗಿ ಹನ್ನೆರಡು ವರ್ಷ ಆಯ್ತು, ಟೀಚರ್," ಎಂದರು.