ಅಂಗೈಗೆ ಸುತ್ತಿದ ದಾರ

ಸೋಫಾ ರಿಪೇರಿ ಮಾಡುವ ಮೇಸ್ತ್ರಿಯಷ್ಟು ಪುಕ್ಕಲ ಮನುಷ್ಯನನ್ನು ಆ ಬೀದಿ ಕಂಡಿರಲಿಲ್ಲ. ಲಿಫ್ಟ್ ಎಂದರೆ ಭಯ, ನಾಯಿ ಎಂದರೆ ಭಯ, ಗ್ಯಾಸ್ ಸಿಲಿಂಡರ್ ಬದಲಾಯಿಸಬೇಕೆಂದರೆ ಬೀದಿಗೇ ಬಂದು ನಿಲ್ಲುವಷ್ಟು ಭಯ. ಆ ಕೆಲಸವೆಲ್ಲ ಹೆಂಡತಿಯ ಪಾಲಿಗೆ. ಇನ್ನು ನೀರಿನ ವಿಷಯವಂತೂ ಕೇಳಲೇಬೇಡಿ, ಈಜುಕೊಳದ ಚಿತ್ರವಿರುವ ಕ್ಯಾಲೆಂಡರನ್ನೂ ಗೋಡೆಯ ಕಡೆಗೆ ತಿರುಗಿಸಿ ನೇತುಹಾಕಿದ ಪುಣ್ಯಾತ್ಮ.

ಆದರೆ ಅಂಗಡಿಯೊಳಗೆ ಕಾಲಿಟ್ಟರೆ ಮನುಷ್ಯನೇ ಬೇರೆ. ಉದ್ದನೆಯ ಕೋಣೆ, ಒಂದು ಮೂಲೆಯಲ್ಲಿ ಫೋಮಿನ ರಾಶಿ, ಇನ್ನೊಂದು ಮೂಲೆಯಲ್ಲಿ ಕವರ್ ಹೊಲಿಯುವ ಹೆಂಡತಿಯ ಮಿಷನ್, ನಡುವೆ ಹೊಟ್ಟೆ ಬಗೆಸಿಕೊಂಡು ಮಲಗಿದ ಸೋಫಾಗಳು. ಸೋಫಾದ ಸ್ಪ್ರಿಂಗುಗಳನ್ನು ಒಂದಕ್ಕೊಂದು ಬಿಗಿಯುವುದೇ ಆ ಕೆಲಸದ ಜೀವಾಳ. ದಪ್ಪ ದಾರವನ್ನು ಬಲ ಅಂಗೈಗೆ ಎರಡು ಸುತ್ತು ಸುತ್ತಿ, ಚೌಕಟ್ಟಿಗೆ ಮೊಣಕಾಲು ಒತ್ತಿ, ಉಸಿರು ಕಟ್ಟಿ ಒಮ್ಮೆ ಎಳೆದರೆ ಮುಗಿಯಿತು. ಮೇಸ್ತ್ರಿ ಎಳೆದ ದಾರ ಸೋಫಾ ಮುರಿದರೂ ಸಡಿಲವಾಗುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಮೀಸೆ ಮೂಡುವ ಮೊದಲು ಕಲಿತದ್ದು. ಅಂಗೈಯ ಅಡ್ಡಕ್ಕೆ ಚರ್ಮ ದಡ್ಡುಗಟ್ಟಿ ಹಲಗೆಯಾಗಿತ್ತು. ಮಕ್ಕಳಿಬ್ಬರ ಓದು, ಮನೆಯ ಬಾಡಿಗೆ, ಅತ್ತೆಯ ಔಷಧಿ, ಎಲ್ಲವೂ ಆ ಒಂದು ಕೈಯ ಮೇಲೆ ನಿಂತಿದ್ದವು.

ಇಂಥವರನ್ನು ಮೀನು ಹಿಡಿಯಲು ಪರದೇಶಕ್ಕೆ ಕರೆದುಕೊಂಡು ಹೋಗುವ ಬುದ್ಧಿ ಯಾರಿಗೆ ಬರಬೇಕು ಹೇಳಿ? ಭಾವನಿಗೆ ಬಂತು. ಭಾವ ಎಂದರೆ ಹೆಂಡತಿಯ ಅಣ್ಣ. ಟೈರ್ ಅಂಗಡಿ ಇಟ್ಟವರು, ದೊಡ್ಡ ದನಿಯ ಮನುಷ್ಯ, ತಂಗಿಯನ್ನು ಕಂಡರೆ ಪ್ರಾಣ. ಅವರಿಗಿದ್ದದ್ದು ಒಂದೇ ಹುಚ್ಚು. ಬಿಸಿ ದೇಶಗಳ ದೊಡ್ಡ ನದಿಗಳಲ್ಲಿ ಒಂದು ಜಾತಿಯ ಮೀನು ಇದೆಯಂತೆ, ಕೆಳದವಡೆಯಿಂದ ಎರಡು ಕೋರೆಹಲ್ಲು ಮೇಲಕ್ಕೆ ಚಾಚಿಕೊಂಡು, ಗಾಳ ಕಚ್ಚಿದರೆ ಆಳೆತ್ತರ ನೆಗೆಯುತ್ತದಂತೆ. ಅದನ್ನು ಹಿಡಿಯುವುದೇ ಅವರ ಜನ್ಮದ ಆಸೆ. ಜೊತೆಗೆ ಹೊರಟಿದ್ದ ಗೆಳೆಯ ಕಾಲು ಮುರಿದುಕೊಂಡ. ಟಿಕೆಟ್ ಹಾಗೇ ಉಳಿಯಿತು.

"ಬನ್ನಿ ಮೇಸ್ತ್ರಿ, ನೀವು ಸುಮ್ನೆ ದೋಣೀಲಿ ಕೂತಿದ್ರೆ ಸಾಕು," ಎಂದರು ಭಾವ, ಫೋನಿನಲ್ಲಿ ಆ ಮೀನಿನ ಬಾಯಿ ತೋರಿಸುತ್ತ.

ಮೇಸ್ತ್ರಿ ಸುತರಾಂ ಆಗುವುದಿಲ್ಲ ಎನ್ನಬೇಕೆಂದುಕೊಂಡರು. ಅಷ್ಟರಲ್ಲಿ ಮಿಷನ್ ನಿಲ್ಲಿಸಿ ಹೆಂಡತಿ ಹೇಳಿದಳು: "ಹೋಗ್ಬನ್ನಿ ರೀ. ಅಣ್ಣ ಇರ್ತಾನಲ್ಲ, ನಿಮ್ಮ ಒಂದು ಕೂದಲೂ ಕೊಂಕೋಕೆ ಬಿಡಲ್ಲ ಅವನು."

ಹೋದರು. ವಿಮಾನದಲ್ಲಿ ಕಣ್ಣು ಮುಚ್ಚಿದವರು ಇಳಿದ ಮೇಲೆಯೇ ತೆರೆದದ್ದು. ನದಿಯ ದಡದ ವಸತಿಗೃಹದಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು, ಕಿಟಕಿಯ ಆಚೆ ಚಹಾದ ಬಣ್ಣದ ನೀರು, ಎದುರಿನ ದಡವೇ ಕಾಣದಷ್ಟು ಅಗಲ. ಬೆಳಿಗ್ಗೆ ದೋಣಿ ಹತ್ತಿದರು. ದೋಣಿಯವನಿಗೆ ಇವರ ಭಾಷೆ ಬಾರದು, ಇವರಿಗೆ ಅವನದು. ಮೇಸ್ತ್ರಿ ದೋಣಿಯ ಅಂಚು ಹಿಡಿದದ್ದನ್ನು ನೋಡಿ ಆತ ತನ್ನ ಬೆರಳುಗಳನ್ನು ನೀರಿನ ಹತ್ತಿರ ಒಯ್ದು, ಇನ್ನೊಂದು ಕೈಯಿಂದ ಅವನ್ನು ಚಕ್ಕನೆ ಕಚ್ಚುವಂತೆ ಮಾಡಿ ತೋರಿಸಿದ. ಮೇಸ್ತ್ರಿ ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಭಾವ ಗಾಳ ಎಸೆದರು, ಸುತ್ತಿದರು, ಮತ್ತೆ ಎಸೆದರು. ಬಿಸಿಲು ಏರಿತು. ಒಮ್ಮೆ ಗಾಳದ ಕೋಲು ಬಗ್ಗಿತು, ಭಾವ ಎದ್ದು ನಿಂತರು, ದೋಣಿ ಓಲಾಡಿತು. ದಾರ ನೇರ ಓಡಿ ದಡದ ಹತ್ತಿರ ಮುಳುಗಿದ ಮರದ ಬೇರುಗಳೊಳಗೆ ಹೊಕ್ಕು ಹಾಗೇ ನಿಂತುಬಿಟ್ಟಿತು. ಎಳೆದರೆ ಬಾರದು, ಬಿಟ್ಟರೆ ಹೋಗದು.

"ಥತ್, ತಪ್ಪಿಸ್ಕೊಂಡು ಹೋಯ್ತು. ಗಾಳ ಮರಕ್ಕೆ ಸಿಕ್ಕಾಕ್ಕೊಂಡಿದೆ," ಎಂದರು ಭಾವ. ಅಳುವುದೊಂದು ಬಾಕಿ. "ಕೋಲಲ್ಲಿ ಎಳೆದ್ರೆ ಕೋಲೇ ಮುರಿಯುತ್ತೆ. ಮೇಸ್ತ್ರಿ, ನಿಮ್ಮ ಕೈ ಗಟ್ಟಿ. ದಾರ ಹಿಡಿದು ಒಂದ್ಸಲ ಎಳೀರಿ."

ಊರು ಬಿಟ್ಟ ಮೇಲೆ ಮೊದಲ ಸಲ ಮೇಸ್ತ್ರಿಗೆ ಗೊತ್ತಿದ್ದ ಕೆಲಸವೊಂದು ಎದುರಿಗೆ ಬಂದಿತ್ತು. ದಾರ ಎಳೆಯುವುದು. ಪಾಪ, ಎಷ್ಟು ಹಗುರವಾಯಿತೋ ಮನಸ್ಸು. ಗಾಳದ ದಾರವನ್ನು ಕೋಲಿನ ತುದಿಯಾಚೆ ಹಿಡಿದರು, ಯೋಚನೆಯೇ ಇಲ್ಲದೆ ಅಂಗೈಗೆ ಎರಡು ಸುತ್ತು ಸುತ್ತಿದರು, ದೋಣಿಯ ಅಂಚಿಗೆ ಮೊಣಕಾಲು ಒತ್ತಿದರು, ಉಸಿರು ಕಟ್ಟಿ ಎಳೆದರು.

ದೋಣಿಯವನು ಹಿಂದಿನಿಂದ ಕೂಗಿದ. ಆ ಕೂಗು ಅರ್ಥವಾಗುವಷ್ಟರಲ್ಲಿ ಮರ ಎಂದುಕೊಂಡದ್ದು ಓಡತೊಡಗಿತ್ತು.

ಮೇಸ್ತ್ರಿ ಮುಖ ಅಡಿಯಾಗಿ ಅಂಚಿನ ಮೇಲೆ ಬಿದ್ದರು. ಬಲಗೈ ಮೊಣಕೈವರೆಗೆ ನೀರಿನಲ್ಲಿ, ಎಡಗೈ ಹಲಗೆಯನ್ನು ಅಪ್ಪಿಕೊಂಡಿದೆ, ಬಿಟ್ಟರೆ ಇಡೀ ಮೈ ನದಿಗೆ. ಕೂದಲಿನಷ್ಟು ಸಣ್ಣ ದಾರ ದಡ್ಡು ಚರ್ಮವನ್ನು ಸೀಳಿ ಒಳಕ್ಕಿಳಿಯಿತು. ನೀರು ಕೆಂಪಾಯಿತು. ರಕ್ತಕ್ಕೆ ಏನೇನು ಬರುತ್ತದೋ, ಎಷ್ಟು ಹಲ್ಲು ಬರುತ್ತವೋ ಎಂದು ನೆನೆದು ಅವರ ಜೀವ ಬಾಯಿಗೆ ಬಂತು.

"ಭಾವ, ಕತ್ತರಿಸಿ. ದಾರ ಕತ್ತರಿಸಿ."

ದಾರ ಕತ್ತರಿಸುವ ಪುಟ್ಟ ಕತ್ತರಿ ಭಾವನ ಕೊರಳಲ್ಲೇ ತೂಗುತ್ತಿತ್ತು. ಅದೇ ಹೊತ್ತಿಗೆ ಮೀನು ನೆಗೆಯಿತು. ಬೆಳ್ಳಿಯ ಮೈ, ಮೇಲಕ್ಕೆ ಚಾಚಿದ ಎರಡು ಕೋರೆ, ಬಿಸಿಲಿನಲ್ಲಿ ಇಡಿಯಾಗಿ ಕಂಡಿತು. ಅದು ನೆಗೆದಾಗ ದಾರ ಸಡಿಲವಾಯಿತು. ಮೇಸ್ತ್ರಿ ಕತ್ತು ತಿರುಗಿಸಿ ನೋಡಿದರು. ಭಾವನ ಕೈ ಕತ್ತರಿಯ ಮೇಲೆಯೇ ಇತ್ತು. ಕಣ್ಣು ಮಾತ್ರ ಮೀನಿನ ಮೇಲಿತ್ತು.

"ಒಂದ್ನಿಮಿಷ ತಡ್ಕೊಳ್ಳಿ ಮೇಸ್ತ್ರಿ," ಎಂದರು ಭಾವ. "ಒಂದೇ ನಿಮಿಷ."

ಮೀನು ಬಿದ್ದು ಮತ್ತೆ ಎಳೆಯಿತು. ಮೂಳೆಗೆ ದಾರ ತಾಗಿದ್ದು ಮೇಸ್ತ್ರಿಗೆ ಹಲ್ಲಿನಲ್ಲಿ ತಿಳಿಯಿತು. ಮತ್ತೆ ಸಡಿಲ, ಮತ್ತೆ ಎಳೆತ. ಆಗ ಅವರಿಗೆ ನದಿಯ ಭಯ ಹೋಯಿತು, ಮೀನಿನ ಭಯ ಹೋಯಿತು. ಹಿಂದೆ ನಿಂತ ಮನುಷ್ಯನ ಭಯ ಬಂತು. ದೋಣಿಯವನು ಎಂಜಿನ್ ಬಿಟ್ಟು ಹಾರಿ ಬಂದು, ಭಾವನ ಕೊರಳಿಂದ ಕತ್ತರಿ ಕಿತ್ತು ದಾರ ತುಂಡರಿಸದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ಆಮೇಲೆ ಭಾವ ಅತ್ತರು. ತಮ್ಮ ಅಂಗಿ ಹರಿದು ಕೈಗೆ ಸುತ್ತಿದರು, ಆಸ್ಪತ್ರೆಯಲ್ಲಿ ಪಕ್ಕ ಬಿಟ್ಟು ಕದಲಲಿಲ್ಲ, ಅನ್ನ ಕಲಸಿ ಬಾಯಿಗಿಟ್ಟರು. ಸುಳ್ಳು ಅಳುವಲ್ಲ ಅದು. ಡಾಕ್ಟರು ಗಾಯ ಹೊಲಿದು, ಹೊಲಿಗೆ ಬಿಚ್ಚಿದ ಮೇಲೆ ಬೆರಳು ಮಡಚಿ ನೋಡಬೇಕು, ಮಡಚಿದರೆ ಸರಿ, ಇಲ್ಲದಿದ್ದರೆ ನರ ಹೋಗಿದೆ ಎಂದರ್ಥ ಎಂದು ಸನ್ನೆಯಲ್ಲೇ ತಿಳಿಸಿದರು.

ಊರಿಗೆ ಬಂದರು, ಹೊಲಿಗೆ ಬಿಚ್ಚಿಸಿದರು. ಮೇಸ್ತ್ರಿ ಮಾತ್ರ ಬೆರಳು ಮಡಚಲಿಲ್ಲ. ನೋವು ಅಂದರು, ನಾಳೆ ಅಂದರು. ಮಡಚಿ ನೋಡದಷ್ಟು ದಿನ ಕೈ ಇದ್ದಂತೆಯೇ ಅಲ್ಲವೇ? ನಿದ್ದೆಯಲ್ಲಿ ತಾನಾಗಿ ಮಡಚಿಬಿಟ್ಟೀತೆಂದು ಕೈಯ ಕೆಳಗೆ ಫೋಮಿನ ತುಂಡು ಇಟ್ಟು ಮಲಗುತ್ತಿದ್ದರು. ಭಾವ ದಿನಾ ಬಂದು ಕೂರುತ್ತಿದ್ದರು, ಬಂದವರಿಗೆಲ್ಲ ಕಥೆ ಹೇಳುತ್ತಿದ್ದರು. "ಕಣ್ಣು ಮಿಟುಕಿಸೋದ್ರಲ್ಲಿ ಕತ್ತರಿಸಿಬಿಟ್ವಿ, ಅಲ್ವಾ ಮೇಸ್ತ್ರಿ?" ಎನ್ನುತ್ತಿದ್ದರು. ಮೇಸ್ತ್ರಿ ಹೂಂ ಎನ್ನುತ್ತಿದ್ದರು. ಹೆಂಡತಿಗೆ ಇರುವುದು ಒಬ್ಬನೇ ಅಣ್ಣ, ಆ ಅಣ್ಣನನ್ನೂ ಕಳೆದುಕೊಂಡರೆ ಎಂಬ ಭಯ ಬೇರೆ.

ಒಂದು ಮಧ್ಯಾಹ್ನ ಹೆಂಡತಿ ಆ ಅಂಗೈಗೆ ಎಣ್ಣೆ ಹಚ್ಚುತ್ತಿದ್ದಳು. ಭಾವ ಎದುರಿಗೇ ಕೂತಿದ್ದರು. ಅವಳ ಬೆರಳು ಗಾಯದ ಗೆರೆಯ ಮೇಲೆ ಹೋಗುತ್ತಾ ನಿಂತಿತು. ದಾರದಲ್ಲಿ ಎಷ್ಟೋ ಸಲ ಕೈ ಕುಯ್ದುಕೊಂಡವಳು ಅವಳು.

"ಅಣ್ಣ, ಒಂದು ಎಳೆತಕ್ಕೆ ಆದ ಗಾಯ ಹೀಗಿರಲ್ಲ," ಎಂದಳು. "ದಾರ ಬಿಟ್ಟು ಬಿಟ್ಟು ಎಳೆದಿದೆ. ಮೂರು ಕಡೆ ಕುಯ್ದಿದೆ ನೋಡು. ಸಡಿಲ ಆದಾಗ ಯಾಕೆ ಕತ್ತರಿಸ್ಲಿಲ್ಲ?"

"ಇಲ್ಲ ಕಣೇ, ಅವರು ತಕ್ಷಣ..." ಎಂದರು ಮೇಸ್ತ್ರಿ.

"ನೀವು ಸುಮ್ನಿರಿ. ಅಷ್ಟೊತ್ತು ಏನ್ ನೋಡ್ತಿದ್ದೆ ಅಣ್ಣ?"

ಭಾವನ ದೊಡ್ಡ ದನಿ ಎಲ್ಲಿ ಹೋಯಿತೋ.

"ಮೀನು," ಎಂದರು.

ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಗಂಡನ ಕೈಯನ್ನು ಹಿಡಿದೆತ್ತಿ ಅಣ್ಣನ ಮುಖದ ಮುಂದೆ ಇಟ್ಟಳು.

"ಈಗ ಮಡಚಿ ರೀ. ಇವನ ಮುಂದೇನೇ ಮಡಚಿ."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಮಡಚಿದರು. ಹೆಬ್ಬೆರಳು ಬಂತು, ತೋರುಬೆರಳು ಬಂತು, ನಡುಬೆರಳು ತಡವಾಗಿ ಬಂತು. ಉಳಿದೆರಡು ನೆಟ್ಟಗೆ ಹಾಗೇ ನಿಂತಿದ್ದವು. ಭಾವ ಮುಖ ತಿರುಗಿಸಲು ಹೋದರು. ತಂಗಿ ಅವರ ಗಲ್ಲ ಹಿಡಿದು ಮತ್ತೆ ಆ ಕಡೆಗೇ ತಿರುಗಿಸಿದಳು. "ನೋಡು," ಎಂದಳು.